ಹನುಮಮ್ಮನ ನಾಲ್ಕನೇ ಸಾಲು

ಬೆಳಗಿನ ಐದು ಗಂಟೆ. ಗೋಗಿ ಊರಿನ ಹೊರಗೆ, ಕಾಲುವೆಯ ದಂಡೆಯ ಮೇಲೆ ಗೊಲ್ಲಾಳಮ್ಮ ಗೋಣಿಚೀಲ ಹಾಸಿ ಕೂತಿದ್ದಾರೆ. ಮನೆಯಲ್ಲಿ ಸಿಗ್ನಲ್ ಬರುವುದಿಲ್ಲ, ಇಲ್ಲಿ ಬರುತ್ತದೆ. ಒಬ್ಬೊಬ್ಬರಿಗೇ ಫೋನ್ ಹಚ್ಚಿ ಎಬ್ಬಿಸುತ್ತಾರೆ. "ಸುಂದ್ರಮ್ಮಕ್ಕ, ಎದ್ದೀರೇನ್ರಿ? ಲಿಂಕ್ ಕಳಿಸೀನಿ, ಒತ್ರಿ." ಐದೂವರೆಗೆ ಪರದೆಯ ಮೇಲೆ ಆರು ಚೌಕಗಳು ಮೂಡುತ್ತವೆ. ಒಂದರಲ್ಲಿ ಮುಖವಿಲ್ಲ, ಮನೆಯ ತೊಲೆ ಮಾತ್ರ. ವಡಗೇರಾದ ಬಸ್ಸಮ್ಮನ ಚೌಕದಿಂದ ಎಮ್ಮೆಯ ಕೂಗು.

"ಬಸ್ಸಮ್ಮ, ನಿಮ್ಮ ಎಮ್ಮಿ ಹಾಜರಿ ಬಿತ್ತು. ಇನ್ನ ನೀವು ಬರ್ರಿ," ಎನ್ನುತ್ತಾರೆ ಗೊಲ್ಲಾಳಮ್ಮ.

ಇದು ಹಾಡಿಗೆ ಧಾಟಿ ಕಟ್ಟುವ ತರಗತಿ. ಇದ್ದ ಹಾಡನ್ನು ಹಾಡಲು ಅಲ್ಲ, ಹೊಸ ಪದಕ್ಕೆ ಹೊಸ ರಾಗ ಹೊಂದಿಸಲು ಇಲ್ಲಿ ಕಲಿಸುತ್ತಾರೆ. ಕಲಿಸುವವರು ಸುರಪುರದ ಜಲಾಲುದ್ದೀನ ಮಾಸ್ತರು, ನಲವತ್ತು ವರ್ಷ ಬಯಲಾಟಗಳಿಗೆ ಹಾರ್ಮೋನಿಯಂ ಪೇಟಿ ನುಡಿಸಿದವರು. ಕಲಿಯುವವರು ಸುತ್ತಲ ಊರುಗಳ ಕೂಲಿ ಹೆಂಗಸರು. ಇವರನ್ನು ಒಂದೆಡೆ ಕೂಡಿಸುವವರು ಗೊಲ್ಲಾಳಮ್ಮ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ, ಓದಿದ್ದು ಏಳನೇ ತರಗತಿ. ಅವರಿಗೆ ಧಾಟಿ ಕಟ್ಟಲು ಬರುವುದಿಲ್ಲ.

ಕೊರೊನಾ ಕಾಲದಲ್ಲಿ ಊರೂರ ಭಜನೆ ನಿಂತಾಗ ಶುರುವಾದ ಪಾಠವಿದು. ವಾರಕ್ಕೆ ಮೂರು ದಿನ, ದಿನಕ್ಕೆ ನಲವತ್ತು ನಿಮಿಷ. ಅದಕ್ಕಾಗಿ ಗೊಲ್ಲಾಳಮ್ಮ ಮಾಡುವ ಕರೆಗಳು ಮೂವತ್ತಕ್ಕೆ ಕಡಿಮೆಯಿಲ್ಲ. ಏಳಾದರೆ ಫೋನುಗಳು ಗಂಡಸರ ಜೇಬು ಸೇರುತ್ತವೆ. ಕಾಲುವೆಗೆ ನೀರು ಬಿಟ್ಟರೆ ಎಲ್ಲರೂ ಭತ್ತದ ನಾಟಿಗೆ, ಆಮೇಲೆ ಹತ್ತಿ ಬಿಡಿಸಲು. ಹೆಸರು ಹಚ್ಚಿದವರು ಹದಿನಾಲ್ಕು. ಈಗ ಬರುವವರು ಆರೇ.

ಹೆಚ್ಚು ಕಾಡುವುದು ಬೇರೊಂದು. ಭಜನೆಯಲ್ಲಿ ಒಬ್ಬರು ಒಂದು ಸಾಲು ಹಾಡಿದರೆ ಉಳಿದವರು ಅದನ್ನೇ ಎತ್ತಿಕೊಂಡು ಹಾಡಬೇಕು. ಹಾಡುವವರನ್ನು ಒಂಟಿ ಬಿಡುವುದು ಮರ್ಯಾದೆಯಲ್ಲ. ಫೋನಿನಲ್ಲಿ ಒಂದೊಂದು ದನಿ ಒಂದೊಂದು ಹೊತ್ತಿಗೆ ತಲುಪುತ್ತದೆ. ಮೊದಲ ಸಾಲನ್ನು ಉಳಿದವರು ಎತ್ತಿಕೊಳ್ಳುವಷ್ಟರಲ್ಲಿ ಅಲ್ಲಿ ಎರಡನೆಯದು ನಡೆದಿರುತ್ತದೆ. ಎಲ್ಲ ಕಲಸಿ ಗದ್ದಲ. ಒಮ್ಮೆ ಗೊಲ್ಲಾಳಮ್ಮ ಎಲ್ಲರ ಮೈಕು ಬಂದ್ ಮಾಡಿದಾಗ ಸುಂದ್ರಮ್ಮ ಸಿಡಿದಿದ್ದರು. "ಒಬ್ಬಾಕಿ ಹಾಡೂವಾಗ ಬಾಯಿ ಮುಚ್ಚಿ ಕುಂದ್ರಾಕ ನಾವೇನು ಆಕಿ ವೈರಿಗಳೇನು?" ಅಂದಿನಿಂದ ಗೊಲ್ಲಾಳಮ್ಮ ಆ ಗುಂಡಿ ಒತ್ತಿಲ್ಲ.

ಆಗಸ್ಟ್‌ನಲ್ಲಿ ಬಳಿಚಕ್ರದ ಹನುಮಮ್ಮ ತಾವು ಕಟ್ಟಿದ ಹಾಡನ್ನು ಮೊದಲ ಸಲ ಹಾಡಿದರು. ಮಳೆಯನ್ನೇ ನಂಬಿದ ಊರಿನವರು, ಕಾಲುವೆಯ ಊರುಗಳಿಗೆ ನಾಟಿಗೆ ಹೋಗುವವರು. ‘ನೀರು ಬಂತಂತ ನೀರು, ನಮ್ಮೂರ ದಾರಿ ಅರಿಯದ ನೀರು’ ಎಂದು ಶುರುವಾಗುವ ನಾಲ್ಕು ಸಾಲು. ಮಾಸ್ತರು ಕೇಳಲೆಂದೇ ಪೇಟಿಯಿಂದ ಕೈ ತೆಗೆದರಂತೆ. ಆದರೆ ಉಳಿದವರು ಸುಮ್ಮನಿರಲಿಲ್ಲ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಅಂದು ಬಂದಿದ್ದ ಹತ್ತು ಬಾಯಿಗಳೂ ಅದರ ಮೇಲೆ ಬಿದ್ದಿದ್ದವು. "ಸೋಮವಾರ ಒಬ್ಬಾಕಿನೇ ಹಾಡು ಬೇಟಿ," ಎಂದರು ಮಾಸ್ತರು. ಸೋಮವಾರ ಹನುಮಮ್ಮ ನಾಟಿಗೆ ಹೋಗಿದ್ದರು. ಗುರುವಾರ ಗದ್ದೆಯಲ್ಲೇ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು.

"ತಪ್ಪು ನಂದರಿ. ಒಂದು ಗುಂಡಿ ಒತ್ತಿದ್ರ ಸಾಕಿತ್ತು. ಸುಂದ್ರಮ್ಮ ಬೈತಾಳಂತ ಅಂಜಿದೆ," ಎನ್ನುತ್ತಾರೆ ಗೊಲ್ಲಾಳಮ್ಮ. ಇವರ ಬಗ್ಗೆ ಬರೆಯಲು ಬಂದ ನಾನು ಸಮಾಧಾನ ಹೇಳಲು ಹೋದೆ. "ಬ್ಯಾಡ್ರಿ," ಎಂದರು.

ಉಳಿದಿರುವುದು ಅಂದಿನ ಧ್ವನಿಮುದ್ರಣ ಒಂದೇ. ಅದನ್ನು ತುಂಡು ತುಂಡು ಕೇಳಿಸಿ, ಹನುಮಮ್ಮನ ದನಿಯನ್ನು ಹೆಕ್ಕುವುದೇ ಈಗಿನ ಪಾಠ. ಮೂರು ಸಾಲು ಸಿಕ್ಕಿವೆ, ಹನುಮಮ್ಮ ತಲೆಯಾಡಿಸಿ ಒಪ್ಪಿದ್ದಾರೆ. ನಾಲ್ಕನೆಯದರ ಪದಗಳು ಗೊತ್ತು, ಧಾಟಿ ಸಿಗುತ್ತಿಲ್ಲ. ನಾನೂ ಕಿವಿಗಿಟ್ಟು ಐದಾರು ಸಲ ಕೇಳಿದೆ. ಗದ್ದಲವಷ್ಟೇ ಕೇಳಿಸಿತು.

"ನೀವ ಒಂದು ಧಾಟಿ ಹಾಕಿಕೊಡ್ರಿ ಮಾಸ್ತರ," ಎಂದು ಬಸ್ಸಮ್ಮ ಇವತ್ತೂ ಕೇಳುತ್ತಾರೆ.

"ಹಾಕಬಹುದು ಬೇಟಿ. ಅದು ನಂದಾಗ್ತದ, ಆಕಿದಲ್ಲ."

ಭಾನುವಾರ ಗೊಲ್ಲಾಳಮ್ಮ ಎರಡು ಬಸ್ಸು ಬದಲಿಸಿ ಬಳಿಚಕ್ರಕ್ಕೆ ಹೋಗುತ್ತಾರೆ. ನಾನೂ ಜೊತೆಗಿದ್ದೇನೆ. ನಾಲ್ಕನೇ ಸಾಲಿನ ಧಾಟಿ ಹೀಗಿದ್ದೀತೆಂದು ವಾರದಲ್ಲಿ ಹೆಂಗಸರು ಕಟ್ಟಿದ ಮೂರು ಬಗೆಗಳು ಫೋನಿನಲ್ಲಿವೆ. ಇದುವರೆಗೆ ಮೂವತ್ತೆಂಟು ಬಗೆಗಳನ್ನು ಹನುಮಮ್ಮ ಬೇಡವೆಂದಿದ್ದಾರೆ.

"ಅಕ್ಕಾ, ಬಂದೀನಿ. ಮತ್ತ ನಿಮಗ ತ್ರಾಸ ಕೊಡಾಕ."

ಹಾಸಿಗೆಯ ಮೇಲೆ ಹನುಮಮ್ಮ ಎಡಬದಿಯಿಂದಷ್ಟೇ ನಗುತ್ತಾರೆ. ಮೊದಲ ಬಗೆಗೆ ತಲೆ ಅಲ್ಲಾಡುತ್ತದೆ: ಅಲ್ಲ. ಎರಡನೆಯದಕ್ಕೂ ಅಲ್ಲ. ಮೂರನೆಯದು ಮುಗಿಯುವ ಮೊದಲೇ ಅವರು ತಾವೇ ಹಾಡಲು ಬಾಯಿ ತೆರೆಯುತ್ತಾರೆ, ಕತ್ತಿನ ನರ ಬಿಗಿಯುತ್ತದೆ. ಒಂದು ಉಸಿರು ಹೊರಡುತ್ತದೆ, ಸ್ವರವಿಲ್ಲ. ಆಮೇಲೆ ಗೋಡೆಯ ಕಡೆ ಹೊರಳುತ್ತಾರೆ. ಗೊಲ್ಲಾಳಮ್ಮ ಸೆರಗಿನಿಂದ ಅವರ ಬಾಯಿ ಒರೆಸಿ, ಬಹಳ ಹೊತ್ತು ಬೆನ್ನು ಸವರುತ್ತಾರೆ.

ಕಳೆದ ವಾರಕ್ಕಿಂತ ಹನುಮಮ್ಮ ಸೊರಗಿದ್ದಾರೆ. ಬಸ್ಸಿಗೆ ಕಾಯುವಾಗ ಗೊಲ್ಲಾಳಮ್ಮ ಅದನ್ನೇ ಹೇಳುತ್ತಾರೆ. "ದಿನ ಬಾಳ ಉಳಿದಿಲ್ರಿ. ಆಕಿ ಹೋದ್ಲಂದ್ರ ಹೌದು, ಅಲ್ಲ ಅನ್ನವ್ರು ಯಾರು? ಆಕಿ ಇರೂತನಕ ಒಮ್ಮಿ ಹೂಂ ಅಂದ್ರ ಸಾಕು, ನನಗ ಮತ್ತೇನೂ ಬ್ಯಾಡ."

ಸಿಗದಿದ್ದರೆ ಎಂದು ಕೇಳಬಾರದಿತ್ತು, ಕೇಳಿದೆ. ಅವರು ರಸ್ತೆ ನೋಡುತ್ತಾ ಹೇಳಿದರು:

"ಮೂರು ಸಾಲು ಹಾಡಿ ನಿಂದರ್ತೀವ್ರಿ. ಯಾವುದೋ ಧಾಟಿ ಹಚ್ಚಿ ಇದು ಹನುಮಮ್ಮಂದು ಅಂತ ನಮ್ಮ ಕ್ಲಾಸಿನಾಗ ಯಾರೂ ಹಾಡಿಲ್ಲ. ಹಾಡೂದೂ ಇಲ್ಲ."