ಮೊದಲು ಪಾಸ್ ಅಂದವರು

ನಮ್ಮ ವಕೀಲರ ಎಡಗೈಯ ಕೊನೆಯ ಎರಡು ಬೆರಳು ಅಂಗೈಗೆ ಮಡಚಿಕೊಂಡೇ ಇದ್ದವು. ಇಸ್ಪೀಟು ಎಲೆಗಳನ್ನು ಬಿಡಿಸಿ ಹಿಡಿಯಲು ಆಗುತ್ತಿರಲಿಲ್ಲ, ಒಂದೆರಡು ಜಾರಿ ತೊಡೆಯ ಮೇಲೆ ಬೀಳುತ್ತಿದ್ದವು. "ನೋಡಬ್ಯಾಡ್ರಿ" ಎನ್ನುವಷ್ಟರಲ್ಲಿ ನಾವೆಲ್ಲ ನೋಡಿಯಾಗಿರುತ್ತಿತ್ತು.

ಗದ್ವಾಲದ ಅವರ ಪಡಸಾಲೆಯಲ್ಲಿ ಸಂಜೆ ಬ್ರಿಜ್ ಆಡುತ್ತಿದ್ದೆವು. ಎಲೆ ಇಳಿಸುವ ಮೊದಲು ಜೋಡಿ ಜೋಡಿಯಾಗಿ ಸವಾಲು ಕೂಗಿ ಏರಿಸುವ ಆಟ ಅದು, ಕೈಯಲ್ಲಿ ಬಲವಿಲ್ಲದವರು ಪಾಸ್ ಅನ್ನಬೇಕು. ವಕೀಲರಿಗೆ ಜೊತೆಗಾರರು ಸರ್ಕಾರಿ ದವಾಖಾನೆಯ ಡಾಕ್ಟರ್ ಸಾಹೇಬರು. ಎದುರಾಳಿಗಳು ಸ್ಟೇಷನ್ ಮಾಸ್ತರರು ಮತ್ತು ವಕೀಲರ ಕೈಕೆಳಗೆ ವಕಾಲತ್ತು ಕಲಿಯುತ್ತಿದ್ದ ನಾನು.

ಜಗಳ ಮಾತ್ರ ಯಾವಾಗಲೂ ಆ ಜೊತೆಗಾರರಿಬ್ಬರ ನಡುವೆಯೇ. ವಕೀಲರು ಮೊದಲು ಪಾಸ್ ಅನ್ನುವರು. ಡಾಕ್ಟರು ಒಂದು ಆಟೀನು ಅಂದಮೇಲೆ ಇವರಿಗೆ ಹುರುಪು ಬಂದು ಎರಡು ಕಳಾವರ ಅನ್ನುವರು. ಡಾಕ್ಟರು ಸವಾಲು ಮುಂದೆ ಏರಿಸದೆ ತಣ್ಣಗೆ ಪಾಸ್ ಅಂದು ಅವರನ್ನು ನಡುವೆಯೇ ಬಿಟ್ಟುಬಿಡುವರು.

"ಅಲ್ರೀ, ನಾ ಹೊಸಾ ರಂಗು ಹೇಳೀನಿ. ನೀವು ಮುಂದ ಮಾತಾಡಲೇಬೇಕು!"

"ಪಹಲೇ ಪಾಸ್ ಬೋಲೇ ನಾ ವಕೀಲ್ ಸಾಬ್? ಶುರುವಿಗೇ ಕೈಯಾಗ ಏನಿಲ್ಲ ಅಂದವ್ರ ಮಾತಿಗೆ ನನ್ನ ಮ್ಯಾಲ ಜಬರ್ದಸ್ತಿ ಇಲ್ಲ. ನನ್ನ ಮಾತಾಡಿಸ್ಬೇಕಂದ್ರ ಒಂದು ಮೆಟ್ಟಿಲು ಹಾರಿ ಮೂರು ಅನ್ರಿ."

"ಹಾರೋ ವಯಸ್ಸೇನ್ರೀ ನಂದು?" ಅನ್ನುವರು ವಕೀಲರು. ಎಷ್ಟು ಸೋತರೂ ಅವರು ಹಾರಿದ್ದನ್ನು ನಾನು ಕಾಣೆ.

ಬದುಕಿನಲ್ಲೂ ಅಷ್ಟೇ. ರಜಾಕಾರರ ಕಾಲದಲ್ಲಿ ಸುತ್ತಲ ಹಳ್ಳಿಗಳಿಂದ ಕೆಟ್ಟ ಸುದ್ದಿ ಬರುತ್ತಿದ್ದಾಗ ನಾನು ಅರ್ಜಿ ಬರೆಯೋಣ ಎಂದರೆ, "ಸುಮ್ನಿರಪಾ, ತಲಿ ಉಳಿಸ್ಕೊಳ್ಳೋಣು" ಎಂದು ವಿಭೂತಿ ಹಚ್ಚಿಕೊಂಡು ಕಚೇರಿಗೆ ಹೊರಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳಿಕೆ ಮುಗಿಯಿತು. ಗಾಯಗೊಂಡ ರಜಾಕಾರನೊಬ್ಬನಿಗೆ ಹೊಲಿಗೆ ಹಾಕಿದರೆಂದು ಯಾರೋ ಚಾಡಿ ಹೇಳಿ, ಡಾಕ್ಟರನ್ನು ಠಾಣೆಯಲ್ಲಿ ಕೂಡಿಹಾಕಿದರು. ಅವರನ್ನು ದೂರದ ಜೈಲಿಗೆ ಸಾಗಿಸುವ ಮಾತೂ ಹಬ್ಬಿತು. ವಕೀಲರು ಧಾರವಾಡದ ಕಡೆಯಿಂದ ಬಂದಿದ್ದ ಹೊಸ ಅಧಿಕಾರಿಯ ಹತ್ತಿರ ಹೋಗಿ, ಡಾಕ್ಟರು ಒಳ್ಳೆಯವರು, ದಯಮಾಡಿ ವಿಚಾರಿಸಬೇಕು ಎಂದು ಕೈಮುಗಿದರು.

ಆತ ತಲೆ ಎತ್ತಲಿಲ್ಲ. "ಹಳ್ಳಿ ಸುಡೂ ಮುಂದ ನೀವು ಬಾಯಿ ಬಿಟ್ಟಿದ್ರೇನು? ಈಗ್ಯಾಕ ಬಂದೀರಿ? ಹೋಗಿ ಬರ್ರಿ."

ಮನೆಗೆ ಬಂದು ಪಡಸಾಲೆಯಲ್ಲಿ ಕುಸಿದು ಕೂತರು. ಅಷ್ಟು ದಣಿದ ಮುಖವನ್ನು ನಾನು ನೋಡಿರಲಿಲ್ಲ. "ಡಾಕ್ಟರ್ ಸಾಹೇಬ್ರು ಆಟದಾಗ ಅಂದದ್ದು ಖರೇ ಆತಲ್ಲಪಾ. ಮೊದಲು ಪಾಸ್ ಅಂದಾವ ನಾನು. ಈಗ ಮೆತ್ತಗ ಕೇಳಿದ್ರ ಯಾರು ಕೇಳ್ತಾರ?"

ಮರುದಿನ ತುಂಬಿದ ಕಚೇರಿಯಲ್ಲಿ ಅದೇ ಅಧಿಕಾರಿಯ ಎದುರು ನಿಂತು, ಕರಿ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಆ ಗಾಯದಾವನ್ನ ದವಾಖಾನಿಗೆ ಒಯ್ದದ್ದು ನನ್ನ ಬಂಡಿ. ಹೊಲಿಗಿ ಹಾಕೂ ಮುಂದ ದೀಪ ಹಿಡಿದಾವ ನಾನು. ಅದು ಗುನ್ಹೆ ಆದ್ರ ನನ್ನೂ ಒಳಗ ಹಾಕ್ರಿ."

ಅದು ನಿಜವೇ ಆಗಿತ್ತು. ಅದನ್ನೂ ಅವರು ಅಷ್ಟು ದಿನ ಬಾಯಿಬಿಟ್ಟಿರಲಿಲ್ಲ. ಅಧಿಕಾರಿ ಅವರನ್ನು ಒಳಗೆ ಹಾಕಿಯೇಬಿಟ್ಟ.

ನಾನು ಠಾಣೆಗೆ ಬುತ್ತಿ ಒಯ್ದಾಗ ಡಾಕ್ಟರು ಗೋಡೆಗೆ ಒರಗಿ ಕೇಳುತ್ತಿದ್ದರು, "ಕ್ಯಾ ವಕೀಲ್ ಸಾಬ್, ನೀವು ಪಾಸ್ ಅಂದಿದ್ರಿ ಅಲಾ?"

"ಹೌದ್ರೀ. ಅದಕ್ಕ ಹಾರಿದೆ."

ವಕೀಲರೇ ಒಳಗೆ ಹೋದಮೇಲೆ ಅಲ್ಲಿಯವರೆಗೆ ಸುಮ್ಮನಿದ್ದವರಿಗೆ ಕೂರಲಾಗಲಿಲ್ಲ. ಡಾಕ್ಟರ ಕೈಯಲ್ಲಿ ಹೆರಿಗೆಯಾದ ಹೆಂಗಸರು ಗಟ್ಟು, ಐಜದ ಕಡೆಯ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದು ಕಚೇರಿಯ ಮುಂದೆ ಕೂತರು. ಅಧಿಕಾರಿ ವಿಚಾರಣೆ ಮಾಡಲೇಬೇಕಾಯಿತು. ದಸರೆ ಕಳೆದ ಮೇಲೆ ಇಬ್ಬರನ್ನೂ ಬಿಟ್ಟರು.

ಡಾಕ್ಟರಿಗೆ ಹೈದರಾಬಾದಿಗೆ ವರ್ಗವಾಯಿತು, ಆಟ ಮತ್ತೆ ಕೂಡಲಿಲ್ಲ. ಠಾಣೆಯ ತಣ್ಣನೆಯ ನೆಲದಲ್ಲಿ ಹಿಡಿದ ಕೆಮ್ಮು ವಕೀಲರನ್ನು ಬಿಡಲಿಲ್ಲ. ಮುಂದಿನ ಬೇಸಿಗೆಗೆ ತೀರಿಕೊಂಡರು. ನನಗೂ ಈಗ ವಯಸ್ಸಾಗಿದೆ, ಬಹಳ ಸಲ ನಾನೂ ಪಾಸ್ ಅಂದಿದ್ದೇನೆ. ಆದರೆ ತಡವಾಗಿ ಬಾಯಿ ತೆರೆದಾಗ ಮೆತ್ತಗೆ ಮಾತಾಡಿಲ್ಲ. ಅದು ಅವರ ಋಣ.

ವಕೀಲರ ಮಣ್ಣಿನ ದಿನ ಡಾಕ್ಟರು ರೈಲಿಳಿದು ನೇರ ಕುಣಿಯ ಹತ್ತಿರ ಬಂದರು. ಲಿಂಗಾಯತರಲ್ಲಿದ್ದಂತೆ ಮುಸಲ್ಮಾನರಾದ ಅವರಲ್ಲೂ ಹಿಡಿ ಮಣ್ಣು ಹಾಕುವ ರೂಢಿಯೇ, ಯಾರೂ ಹೇಳಿಕೊಡಬೇಕಾಗಲಿಲ್ಲ. ಹಾಕಿದ ಮೇಲೂ ಕೈ ಝಾಡಿಸದೆ ನಿಂತು ನನಗೆ ಹೇಳಿದರು:

"ಆಟದಾಗ ಎಷ್ಟು ಸಲ ಇವ್ರನ್ನ ನಡುವ ಬಿಟ್ಟೆ ನಾನು. ಇವ್ರು ನನ್ನ ಬಿಡಲಿಲ್ಲ ನೋಡ್ರಿ."