ಸೂತಕದ ಒಗಟು

ನನಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ನನ್ನ ಗಂಡನ ಸೋದರಮಾವನ ಮೇಲಿನ ಸಿಟ್ಟಂತೂ ವರ್ಷಗಟ್ಟಲೆ ಭರಣಿಯ ಉಪ್ಪಿನಕಾಯಿಯ ಹಾಗೆ ಒಳಗೇ ಕೂತಿತ್ತು.

ಮದುವೆಯಾದ ಹೊಸತು. ಕಾಪುವಿನ ಗಂಡನ ಮನೆಯಲ್ಲಿ ನಮ್ಮ ಕಡೆಯವರಿಗೆ ಊಟ. ನಾನು ಉಡುಪಿಯ ಕೊಂಕಣಿ ಮನೆಯವಳು, ಅವರು ತುಳುವರು. ನಾವಿಬ್ಬರೂ ಮೆಚ್ಚಿ ಆದ ಮದುವೆ. ಆ ಮನೆಯಲ್ಲಿ ಸೋದರಮಾವನದೇ ಯಜಮಾನಿಕೆ. ಅವರಿಗೆ ಒಗಟಿನ ಹುಚ್ಚು. ಕೇಳುವುದು ಖುಷಿಗಲ್ಲ, ಎದುರಿನವರು ತಡಬಡಾಯಿಸುವುದನ್ನು ನೋಡಲಿಕ್ಕೆ. ಹುರಿದ ಅಂಜಲ್ ಮೀನಿನ ತಟ್ಟೆ ನನ್ನ ಎಲೆಯ ಹತ್ತಿರ ಬಂದಾಗ ಅವರು ಕೈ ಅಡ್ಡ ಹಿಡಿದರು.

"ನಿಲ್ಲಿ. ಇವಳು ಮಣಿಪಾಲದಲ್ಲಿ ಪಾಠ ಹೇಳುವ ಟೀಚರ್ ಅಂತೆ, ನೋಡುವ. ಅಪ್ಪನ ಕುಟುಂಬದಲ್ಲಿ ಒಂದು ಸಾವಾಯಿತು. ಅಪ್ಪನಿಗೆ ಸೂತಕ ಉಂಟು, ಅದೇ ಮನೆಯಲ್ಲಿರುವ ಮಗನಿಗೆ ಇಲ್ಲ. ಯಾಕೆ? ಉತ್ತರ ಹೇಳುವ ತನಕ ಇವಳ ಎಲೆಗೂ ಇವಳ ಅಪ್ಪನ ಎಲೆಗೂ ಮೀನು ಬೇಡ."

"ಮಗನನ್ನು ದತ್ತು ಕೊಟ್ಟಿದ್ದಾರಾ?" ಎಂದೆ.

"ಇಲ್ಲ."

"ಮಗ ಸನ್ಯಾಸಿಯಾ?"

"ಸನ್ಯಾಸಿ ಮನೆಯಲ್ಲಿ ಕೂತು ಎಂತ ಮಾಡುವುದು ಮಾರಾಯ್ತಿ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. "ಅಳಿಯಕಟ್ಟು! ನಮ್ಮಲ್ಲಿ ಮಗ ತಾಯಿಯ ಬಳಿಗೆ, ಅಂದರೆ ತಾಯಿಯ ಕುಲಕ್ಕೆ ಸೇರಿದವ. ಅಪ್ಪನ ಕಡೆಯ ಸೂತಕ ಅವನಿಗೆ ಎಂತಕ್ಕೆ?"

ನನಗೆ ಗೊತ್ತಿರಲಿಲ್ಲ ಎಂದಲ್ಲ. ಹೆಣ್ಣಿನ ಕಡೆಯಿಂದ ಕುಲ ನಡೆಯುವ ಮನೆಗಳ ನಡುವೆಯೇ ಬೆಳೆದವಳು ನಾನು. ಆದರೆ 'ಅಪ್ಪ, ಮಗ' ಎಂದ ಕೂಡಲೇ ತಲೆಯೊಳಗೆ ಬಂದು ಕೂತದ್ದು ನನ್ನ ಅಪ್ಪ, ನನ್ನ ಅಣ್ಣ. ಅವರನ್ನು ಎಬ್ಬಿಸಿ ಬೇರೆಯವರನ್ನು ಕೂರಿಸಬೇಕೆಂದು ಹೊಳೆಯಲೇ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಮಾವ ಪಕ್ಕದಲ್ಲಿದ್ದ ಅಪ್ಪನ ಕಡೆಗೆ ತಿರುಗಿದರು. "ನಿಮಗೂ ಗೊತ್ತಾಗಲಿಲ್ವಾ? ಮತ್ತೆ ಮಗಳಿಗೆ ಎಂತ ಕಲಿಸಿದ್ದು?" ಅಪ್ಪ ತಲೆ ತಗ್ಗಿಸಿದರು. ನೀರು ಕೇಳಿ ಲೋಟ ಖಾಲಿ ಮಾಡಿದರು. ಆಮೇಲೆ ಅವರು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಕರೆದಾಗಲೆಲ್ಲ ಕನ್ನಡಕದ ಅಂಗಡಿ ಬಿಟ್ಟು ಬರಲಿಕ್ಕಾಗುವುದಿಲ್ಲ ಎಂದರು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವಾಗಲೂ ಬರಲಿಲ್ಲ. ಆ ತಗ್ಗಿದ ತಲೆಗೆ ಮುಯ್ಯಿ ತೀರಿಸದೆ ನಾನು ಸಾಯುವವಳಲ್ಲ ಎಂದುಕೊಂಡೆ.

ದೇವರು ದೊಡ್ಡವನು. ಮಾವನ ಮಗಳು ಮೆಚ್ಚಿದ್ದು ಕಾರ್ಕಳದ ಕೊಂಕಣಿ ಹುಡುಗನನ್ನು! ನಿಶ್ಚಿತಾರ್ಥಕ್ಕೆ ದಿನ ಇಟ್ಟ ಮೇಲೆ ಅಜೆಕಾರಿನಲ್ಲಿ ಹುಡುಗನ ಅಪ್ಪನ ದಾಯಾದಿಯೊಬ್ಬರು ತೀರಿಕೊಂಡರು. ಮಾವ ಫೋನ್ ಮಾಡಿ ಗೊಣಗಿದರು: "ಅಪ್ಪನೂ ಮಗನೂ ಸೂತಕದಲ್ಲಿ ಕೂತಿದ್ದಾರಂತೆ. ಹಾಲ್ ಬುಕ್ ಮಾಡಿದ್ದು ದಂಡ." ಫೋನ್ ಇಟ್ಟು ನಾನು ಒಬ್ಬಳೇ ನಕ್ಕೆ. ಒಗಟು ಅವರ ಬಾಯಿಂದಲೇ ಸಿಕ್ಕಿತ್ತು.

ಕಡೆಗೂ ಕಾರ್ಕಳದಲ್ಲಿ ನಿಶ್ಚಿತಾರ್ಥ ನಡೆಯಿತು. ಗಂಡಿನ ಕಡೆಯವರು ಕರೆದರೆಂದು ಅಪ್ಪನೂ ಬಂದಿದ್ದರು. ಊಟಕ್ಕೆ ಕೂತಾಗ ಮಾವ ಹೊಸ ಬೀಗರ ಎದುರು ಶುರು ಮಾಡಿದರು. "ಇವಳೂ ನಿಮ್ಮ ಕಡೆಯವಳೇ. ಬುದ್ಧಿ ಸ್ವಲ್ಪ ನಿಧಾನ. ಒಂದು ಒಗಟಿಗೂ ಉತ್ತರ ಗೊತ್ತಿಲ್ಲ."

"ಹಾಗಾದರೆ ಇವತ್ತು ನಾನು ಕೇಳುವುದು," ಎಂದೆ. "ಅಪ್ಪನ ಕುಟುಂಬದಲ್ಲಿ ಸಾವಾಯಿತು. ಅಪ್ಪನಿಗೂ ಸೂತಕ, ಮಗನಿಗೂ ಸೂತಕ. ಹೇಗೆ?"

ಅತ್ತೆ ನನ್ನ ತೊಡೆ ಚಿವುಟಿದರು. "ಶುಭಕಾರ್ಯದಲ್ಲಿ ಎಂತ ಮಾತು ಅದು?"

"ನನ್ನ ಮದುವೆಯ ಹೊಸತರ ಊಟದಲ್ಲಿ ಮಾವನೂ ಸೂತಕದ ಒಗಟನ್ನೇ ಕೇಳಿದ್ದು, ಅಲ್ವಾ ಮಾವ?" ಪಾಯಸದ ಪಾತ್ರೆ ಹಿಡಿದು ಬಂದವನಿಗೆ ಕೈ ಅಡ್ಡ ಹಿಡಿದೆ. "ಉತ್ತರ ಹೇಳುವ ತನಕ ಇವರ ಎಲೆಗೆ ಪಾಯಸ ಬೇಡ."

ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಇದೆಂತ ದೊಡ್ಡ ಒಗಟು! ಆ ಅಪ್ಪ ತನ್ನದೇ ಬಳಿಯವಳನ್ನು ಕಟ್ಟಿಕೊಂಡಿದ್ದಾನೆ, ಮಗನೂ ಅದೇ ಬಳಿಯವನಾದ. ಅಕ್ಕ ತಂಗಿ ಎಂಬ ವಿವೇಚನೆ ಇಲ್ಲದ ಮನೆ. ಥೂ, ಅಂಥವರ ಮನೆಯ ನೀರೂ ಮುಟ್ಟಬಾರದು!"

ಪಂಕ್ತಿಯಲ್ಲಿ ಯಾರೂ ನಗಲಿಲ್ಲ. ಹುಡುಗನ ಅಪ್ಪ ನೀರಿನ ಲೋಟ ಕೆಳಗಿಟ್ಟರು.

"ಅದು ನಮ್ಮ ಮನೆ," ಎಂದರು. "ನಮ್ಮದು ಮಕ್ಕಳಕಟ್ಟು. ಅಪ್ಪನಿಗೆ ಬಂದ ಸೂತಕ ಮಗನಿಗೂ ಬರುತ್ತದೆ. ಮೊನ್ನೆ ನಾವಿಬ್ಬರೂ ಅದನ್ನೇ ಆಚರಿಸಿದ್ದು, ನಿಮಗೆ ಗೊತ್ತುಂಟಲ್ಲ."

ಮಾವ ಇಂಗು ತಿಂದ ಮಂಗನಂತಾದರು. ಎದ್ದು ನಿಂತು, ಎಂಜಲು ಕೈಯನ್ನೇ ಜೋಡಿಸಿ, ತಪ್ಪಾಯಿತು ಎಂದರು. ಅವರ ಮಗಳು ಮುಖ ಮುಚ್ಚಿಕೊಂಡಳು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಬೀಗರು ದೊಡ್ಡ ಮನಸ್ಸಿನವರು, ಮಾತನ್ನು ಅಲ್ಲಿಗೇ ಬಿಟ್ಟರು. ನಾನು ಪಾಯಸವನ್ನು ಎರಡು ಸಲ ಹಾಕಿಸಿಕೊಂಡೆ.

ಹಿಂದೆ ಬರುವಾಗ ಅಪ್ಪ ನಮ್ಮ ಕಾರಿನಲ್ಲೇ ಇದ್ದರು. ಪರ್ಕಳ ದಾಟುವಾಗ ನಾನೇ ಬಾಯಿ ಬಿಟ್ಟೆ. "ಅಪ್ಪ, ನಿಮ್ಮ ತಲೆ ತಗ್ಗಿಸಿದವರು ಇವತ್ತು ತಲೆ ತಗ್ಗಿಸಿದರು."

"ಅವರ ಆ ಒಗಟಿನ ಉತ್ತರ ನನಗೆ ಅವತ್ತೇ ಗೊತ್ತಿತ್ತು," ಎಂದರು ಅಪ್ಪ. "ಅಂಗಡಿಗೆ ಬರುವವರಲ್ಲಿ ಅರ್ಧ ಜನ ಅಳಿಯಕಟ್ಟಿನವರು. ಗೊತ್ತಿಲ್ಲದೆ ಇರ್ತದಾ?"

"ಮತ್ತೆ ಯಾಕೆ ಸುಮ್ಮನೆ ಕೂತದ್ದು?"

"ನೀನು ಆ ಮನೆಯಲ್ಲಿ ಬಾಳಬೇಕಿತ್ತಲ್ಲ. ಬಾಯಿಗೆ ಬಂದದ್ದನ್ನು ನೀರು ಕುಡಿದು ನುಂಗಿದೆ."

"ಆಮೇಲೆ ಒಮ್ಮೆಯೂ ಬರಲಿಲ್ಲ ನೀವು."

"ಇನ್ನೊಮ್ಮೆ ನುಂಗಲಿಕ್ಕೆ ನನ್ನಿಂದ ಆಗ್ತಿರಲಿಲ್ಲ."

ತಲೆ ತಗ್ಗಿತು ಎಂದರೆ ಸೋತರು ಎಂದೇ ಇಷ್ಟು ವರ್ಷ ನಂಬಿದ್ದೆ. ಅಪ್ಪ ಸೋತಿರಲೇ ಇಲ್ಲ. ನನಗಾಗಿ ಮೊಮ್ಮಗಳ ತೊಟ್ಟಿಲನ್ನೂ ಬಿಟ್ಟಿದ್ದರು. ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತುಬಿಟ್ಟೆ. ಅಳು ನಿಂತ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ: ಮಾವನೆಂಬ ಆ ಮನುಷ್ಯನಿಗೆ ಒಂದು ಪಾಯಸ ತಪ್ಪಿಸಿದ್ದು ಏನೇನೂ ಸಾಲದು.