ಚೌಡಮ್ಮನ ಪೀಠದ ಮುರಿದ ದಳ

ಶುಕ್ರವಾರ, ಬೆಳಗಿನ ಐದೂವರೆ. ಬಂಡೆಹಟ್ಟಿಯ ಚೌಡಮ್ಮನ ಗುಡಿಯ ಹಿಂದೆ, ಬಾವಿಕಟ್ಟೆಯ ಪಕ್ಕ ಸೂರಮ್ಮ ಕಾಲು ಚಾಚಿ ಕೂತಿದ್ದಾರೆ. ತೊಡೆಯ ಮೇಲೆ ನಾಲ್ಕು ಮಡಿಕೆ ಮಾಡಿದ ಹಳೆಯ ಸೀರೆ, ಅದರ ಮೇಲೆ ಮೊಳದೆತ್ತರದ ಪಂಚಲೋಹದ ಅಮ್ಮ. ಕೂಸಿಗೆ ನೀರೆರೆಯುವ ಅಜ್ಜಿಯ ಹಾಗೆ ಒಂದು ಕೈ ಅಮ್ಮನ ಕತ್ತಿನ ಹಿಂದೆ. ಇನ್ನೊಂದು ಕೈಯಲ್ಲಿ ನೆನೆದ ಹುಣಸೆಹಣ್ಣು, ಜರಡಿ ಹಿಡಿದ ಬೂದಿ.

ರಾಂಪುರದ ಆಚೆಗಿರುವ ಈ ಹಟ್ಟಿಗೆ ಸೊಸೆಯಾಗಿ ಬಂದಾಗ ಸೂರಮ್ಮನಿಗೆ ಹತ್ತೊಂಬತ್ತು. ಈಗ ಐವತ್ತಮೂರು. ಅಮ್ಮನನ್ನು ಬೆಳಗುವುದು ಈ ಮನೆಯ ಹೆಂಗಸರ ಪಾಲಿನ ಸೇವೆ. ಮಂಗಳವಾರ, ಶುಕ್ರವಾರ ಎರಡೆರಡು ಗಂಟೆ. ಅಮ್ಮನ ಜೊತೆಗೆ ಇಪ್ಪತ್ತೆರಡು ದೀಪ, ನಾಲ್ಕು ಕೈಗಂಟೆ, ಎರಡು ಹರಿವಾಣ. ಆಮೇಲೆ ಶೇಂಗಾ ಹೊಲ. ಬೆರಳ ತುದಿಯ ಚರ್ಮ ಹುಣಸೆ ಹುಳಿಗೆ ಸುಲಿದಿರುತ್ತದೆ. “ಸಾರಿಗೆ ಉಪ್ಪು ಹಾಕುವಾಗ ಗೊತ್ತಾಗ್ತೈತೆ, ಅಷ್ಟೇ” ಎಂದು ನಗುತ್ತಾರೆ.

ಆರು ವರ್ಷದ ಹಿಂದೆ ಗುಡಿಯ ಬೀಗ ಒಡೆದು ಯಾರೋ ಅಮ್ಮನನ್ನು ಹೊತ್ತೊಯ್ದರು. ಊರು ಕಳಶ ಇಟ್ಟು ಪೂಜೆ ನಡೆಸಿತು. ಸೂರಮ್ಮ ದೀಪಗಳನ್ನು ಬೆಳಗುತ್ತಲೇ ಇದ್ದರು. “ತೊಡೆ ಮೇಲೆ ಭಾರ ಇಲ್ದೆ ಕೈ ಓಡ್ತಿರಲಿಲ್ಲ” ಎನ್ನುತ್ತಾರೆ.

ನಾಲ್ಕು ವರ್ಷ ಕಳೆದ ಮೇಲೆ ದೂರದ ಠಾಣೆಯೊಂದರಿಂದ ಕರೆ ಬಂತು. ಹಿರಿಯರಾದ ಜಂಬುಲಿಂಗಪ್ಪ, ಪೂಜಾರಿ ಗಾದ್ರಪ್ಪ ಹೊರಟರು. ಹಿಂದಿನ ಸೀಟಿನಲ್ಲಿ ಸೂರಮ್ಮ. ಅಲ್ಲಿ ಮೇಜಿನ ಮೇಲೆ ಒಂದೇ ಅಳತೆಯ ಎರಡು ವಿಗ್ರಹಗಳು, ಎರಡೂ ಕರ್ರಗೆ ಕಿಲುಬು ಹಿಡಿದಿದ್ದವು. ಆಂಧ್ರದ ಕಡೆಯ ಊರಿನವರೂ ಬಂದಿದ್ದರು. ಎಡಗಡೆಯದರ ಮೇಲೆ ಅವರ ಕೈ. “ಇದಿ ಮಾದೇ” ಎಂದು ತಮ್ಮದೆಂದೇ ಹಟ ಹಿಡಿದಿದ್ದರು.

“ನಿಮ್ಮ ಅಮ್ಮನ ಗುರುತು ಹೇಳ್ರಿ” ಎಂದರು ಅಧಿಕಾರಿ.

“ಕೆಂಪು ಸೀರೆ ಉಟ್ಟಿರ್ತಾಳೆ ಸ್ವಾಮಿ” ಎಂದರು ಜಂಬುಲಿಂಗಪ್ಪ.

“ಸೀರೆ ಕಳ್ಳರ ಹತ್ರ ಇರ್ಬೇಕು ಯಜಮಾನ್ರೇ. ಬೇರೆ ಏನಾದ್ರೂ?”

ಜಂಬುಲಿಂಗಪ್ಪ ಊರಿನಿಂದ ತಂದ ಅಮ್ಮನ ಫೋಟೊ ಕೊಟ್ಟರು. ಅದರಲ್ಲಿ ಬೆಳ್ಳಿಯ ಮುಖವಾಡ, ಸೀರೆ, ಮೊಳಗಟ್ಟಲೆ ಹೂವು. ಅಮ್ಮ ಎಲ್ಲೂ ಇಲ್ಲ. ಮೂರು ತಲೆಮಾರು ಕೈಮುಗಿದ ಊರಿಗೆ ಅಮ್ಮನ ಮೈ ಗೊತ್ತಿಲ್ಲ. ಗಾದ್ರಪ್ಪನಿಗೂ ಅಮ್ಮ ಸಿಗುತ್ತಿದ್ದುದು ಸೂರಮ್ಮನ ಮನೆಯ ಹೆಂಗಸರು ಬೆಳಗಿ ಸೀರೆ ಉಡಿಸಿದ ಮೇಲೆಯೇ.

ಸೂರಮ್ಮನಿಗೆ ಗುರುತು ಗೊತ್ತಿತ್ತು. ಅದನ್ನು ಹೇಳಿದರೆ ಹಳೆಯ ಗುಟ್ಟೂ ಬಯಲಾಗುತ್ತಿತ್ತು. ಮದುವೆಯಾದ ಮೊದಲ ವರ್ಷ, ಹುಣಸೆ ರಸಕ್ಕೆ ಜಾರಿ ಅಮ್ಮ ಅವರ ಕೈಯಿಂದ ಬಾವಿಕಟ್ಟೆಗೆ ಬಿದ್ದಿದ್ದಳು. ಕಮಲದ ಪೀಠದ ಹಿಂಬದಿಯ ದಳವೊಂದರ ತುದಿ ಹಾರಿತು. “ಸೀರೆ ಮುಚ್ಕಂತೈತೆ, ನೀನು ಬಾಯಿ ಮುಚ್ಕ” ಎಂದಿದ್ದರು ಅತ್ತೆ. ಅಮ್ಮನನ್ನು ಕೆಡವಿದ ಮನೆ ಎಂದು ಗೊತ್ತಾದರೆ ಸೇವೆ ಇನ್ನೊಂದು ಮನೆಯ ಪಾಲು. ಅತ್ತೆ ತೀರಿಕೊಂಡರು, ಗುಟ್ಟು ಇವರೊಬ್ಬರಲ್ಲೇ ಉಳಿಯಿತು.

“ಸುಮ್ನಿದ್ರೆ ಸೇವೆ ಉಳೀತೈತೆ, ಅಮ್ಮನೇ ಹೋಗ್ತಾಳೆ. ಅಮ್ಮ ಇಲ್ದ ಸೇವೆ ತಗಂಡು ಏನ್ ಮಾಡ್ಲಿ?” ಎನ್ನುತ್ತಾರೆ ಸೂರಮ್ಮ. ಅವತ್ತು ಠಾಣೆಯಲ್ಲಿ ಮೇಜಿನಿಂದ ದೂರವೇ ನಿಂತು ಹೇಳಿಬಿಟ್ಟರು: “ಹಿಂದ್ಗಡೆ ತಿರುಗಿಸ್ರಿ ಸ್ವಾಮಿ. ಎಡದಿಂದ ಎರಡನೇ ದಳದ ತುದಿ ಮುರಿದೈತೆ. ನಾನೇ ಕೆಡವಿದ್ದು.”

ಎಡಗಡೆಯ ವಿಗ್ರಹದಲ್ಲಿ ದಳ ಮುರಿದಿತ್ತು. ಆಂಧ್ರದವರು ಕೈ ತೆಗೆದರು. ವಾಪಸು ಬರುವಾಗ ರಾಂಪುರದಲ್ಲಿ ಚಹಾ ಕುಡಿಯುತ್ತಾ ಜಂಬುಲಿಂಗಪ್ಪ ಗಾದ್ರಪ್ಪನ ಕಡೆ ತಿರುಗಿ, “ಲೇ, ಈಯಮ್ಮ ಅವತ್ತು ಗಟ್ಟಿಯಾಗಿ ಹಿಡ್ಕಂಡಿದ್ರೆ ಇವತ್ತು ನಾವು ಬರಿಗೈಲಿ ಬರ್ತಿದ್ವಲ್ಲೋ” ಎಂದರು. ಸೂರಮ್ಮ ಅಲ್ಲೇ ಅತ್ತುಬಿಟ್ಟರು. ಕೋರ್ಟಿನ ಅಪ್ಪಣೆಯಾಗಿ ಅಮ್ಮ ಊರು ಸೇರಿದಳು. ಕಿಲುಬು ಬಿಡಿಸಲು ಒಂಬತ್ತು ದಿನ ಹಿಡಿಯಿತು.

ಈಗ ಪಕ್ಕದಲ್ಲಿ ಸೊಸೆ ಆಶಾ ಕೂತು ಕಲಿಯುತ್ತಿದ್ದಾಳೆ. ದಳವನ್ನು ಚಳ್ಳಕೆರೆಯಲ್ಲಿ ಸರಿ ಮಾಡಿಸೋಣವೇ ಎಂದು ಊರಿನವರು ಕೇಳಿದ್ದುಂಟು. ಸೂರಮ್ಮ ಒಪ್ಪಿಲ್ಲ.

“ಇನ್ನೊಂದ್ಸಲ ಕಳೆದ್ರೆ ಏನು ತೋರಿಸ್ತೀರಿ ಅಂದೆ” ಎಂದು ಹೇಳುತ್ತಾ ಸೊಸೆಯ ಬೆರಳು ಹಿಡಿದು ಮುರಿದ ತುದಿಗೆ ಮುಟ್ಟಿಸುತ್ತಾರೆ. “ಇಲ್ಲಿ ಮೆತ್ತಗೆ ತಿಕ್ಕವ್ವ. ಸವೆಸಿಬಿಟ್ಟೀಯ.”